ಅಕ್ಕನ ಗುಂಪು

ಉಳಿಯನ್ನು ಕೆಳಗಿಟ್ಟು ಬಡಗಿ ಮೊಬೈಲಿನ ಮೈಕ್ ಗುರುತನ್ನು ಒತ್ತಿ ಹಿಡಿದ. ಅಕ್ಕ ತೀರಿಕೊಂಡ ಸುದ್ದಿಗೆ ಗುಂಪಿನಲ್ಲಿ ಬಂದ ಸಂತಾಪಗಳೆಲ್ಲ ಬರಹದಲ್ಲೇ ಇದ್ದವು. ಉಗ್ಗುವವರಿಗೆಂದು ಆನ್‌ಲೈನ್‌ನಲ್ಲಿ ಈ ಗುಂಪು ಕಟ್ಟಿದವಳು, ಗುಂಪಿನವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದ ಅವಳು, ತಾನೂ ಉಗ್ಗುತ್ತಿದ್ದವಳು. ಅವಳದು ಒಂದೇ ನಿಯಮ: “ಟೈಪ್ ಮಾಡ್ಬೇಡಿ, ಮಾತಾಡಿ. ನಮಗೇನು ರೈಲು ಹಿಡಿಯೋದಿದ್ಯಾ? ಕಾಯ್ತೀವಿ.” ಮೂರು ವರ್ಷದಲ್ಲಿ ಎಲ್ಲರೂ ಮಾತಾಡಿದ್ದರು, ಬಡಗಿ ಮಾತ್ರ ಬಾಯಿ ತೆರೆದಿರಲಿಲ್ಲ. “ನಿನ್ನ ದನಿ ಕೇಳ್ದೆ ನಾನು ಸಾಯಲ್ಲ ಕಣೋ ತಮ್ಮ,” ಎಂದು ಅಕ್ಕ ನಗುತ್ತಿದ್ದಳು.

“ಅ... ಅ...” ಮರದ ಗಂಟಿಗೆ ಸಿಕ್ಕ ಗರಗಸದಂತೆ ಮಾತು ನಿಂತುಬಿಟ್ಟಿತು. ಹೆಂಡತಿ ಹತ್ತಿರ ಬಂದಳು. ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಅವನ ಮಾತನ್ನು ಮುಗಿಸಿಕೊಡುವವಳು ಅವಳೇ.

“ಕೊಡಿ ಇಲ್ಲಿ, ನಾನು ಹೇಳ್ತೀನಿ.”

ಅವನು ಬೇಡವೆಂದು ಕೈಯಾಡಿಸಿದ. ಮೈಕಿನ ಮೇಲಿನ ಬೆರಳನ್ನು ತೆಗೆಯಲಿಲ್ಲ.

“ಅಕ್ಕಾ, ಇದೇ ನನ್ನ ದನಿ.”

ಅಷ್ಟಕ್ಕೇ ಒಂದು ನಿಮಿಷ ಹತ್ತು ಸೆಕೆಂಡು ಹಿಡಿದಿತ್ತು. ಬೆರಳೆತ್ತಿದ, ಮಾತು ಗುಂಪಿಗೆ ಹೊರಟುಹೋಯಿತು.

ಸ್ವಲ್ಪ ಹೊತ್ತಿಗೆ, ಬರೆದಿದ್ದವರೇ ತಮ್ಮ ಸಂತಾಪಗಳನ್ನು ಒಂದೊಂದಾಗಿ ಅಳಿಸತೊಡಗಿದರು. ಯಾರೋ ದನಿ ರೆಕಾರ್ಡ್ ಮಾಡುತ್ತಿರುವ ಗುರುತು ಪರದೆಯ ಮೇಲೆ ಮೂಡಿತು, ಬಹಳ ಹೊತ್ತು ಹಾಗೇ ಇತ್ತು. ಬಡಗಿ ಸ್ಟೂಲು ಎಳೆದುಕೊಂಡು ಕಾಯುತ್ತ ಕುಳಿತ.