ಆರು ತಿಂಗಳು ಬಿಟ್ಟ ಮನೆ

“ಮತ್ತೆ ಕುಟ್ತಾವ್ಳೆ,” ಎಂದಳು ಸಣ್ಣತಾಯಮ್ಮ.

ಬೀದಿದೀಪ ಆಗಷ್ಟೇ ಹತ್ತಿತ್ತು. ಜಗಲಿಯ ಮೇಲೆ ಕೂತಿದ್ದ ಹೆಂಗಸರೆಲ್ಲ ಎದುರುಮನೆಯ ಅಟ್ಟದ ಕಡೆ ಕಿವಿಗೊಟ್ಟರು. ಕಬ್ಬಿಣದ ಕುಟ್ಟಾಣಿಯಲ್ಲಿ ಎಲೆಅಡಿಕೆ ಕುಟ್ಟುವ ಸದ್ದು. ಎರಡೇಟು, ಸ್ವಲ್ಪ ಬಿಡುವು, ಮತ್ತೆ ಎರಡೇಟು. ಬೊಚ್ಚುಬಾಯಿಯ ಮಂಗಳಮ್ಮ ಬದುಕಿದ್ದಾಗ ದಿನಾ ಇದೇ ಹೊತ್ತಿಗೆ, ಹೀಗೇ ಕುಟ್ಟುತ್ತಿದ್ದಳು. ಅವಳು ಸತ್ತು ಐದು ತಿಂಗಳಾಗಿತ್ತು. ಅವಳ ಕುಟ್ಟಾಣಿಯನ್ನು ಸೊಸೆ ಪುಟ್ಟಬಸಮ್ಮನೇ ಗುಣಿಯೊಳಗೆ ಅವಳ ಪಕ್ಕದಲ್ಲಿಟ್ಟು ಮಣ್ಣು ಮುಚ್ಚಿಸಿದ್ದಳು.

ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಆ ಮನೆಯ ಬಾಗಿಲು ತೆರೆಯಿತು. ಬಾಡಿಗೆಗಿದ್ದ ಕಾಲೇಜು ಮೇಷ್ಟ್ರು ಪ್ರೇಮ್‌ಕುಮಾರ್ ಚಾಪೆ ಹಿಡಿದು ಹೊರಗೆ ಬಂದ. ಹಣೆ ಬೆವೆತಿತ್ತು.

“ಏನ್ ಮೇಷ್ಟ್ರೇ, ಅಟ್ಟದ್ ಮೇಲೆ ಯಾರವ್ರೆ?”

“ಯಾರೂ ಇಲ್ವಲ್ಲಮ್ಮ. ಯಾಕೆ?”

“ಮತ್ತೆ ನೀವ್ಯಾಕೆ ಜಗಲೀಲಿ ಮಲಗ್ತೀರಿ?”

“ಒಳಗೆ ಸೆಕೆ,” ಎಂದ.

ಪುಷ್ಯಮಾಸ. ಹೊಳೆಯ ಕಡೆಯಿಂದ ಬೀಸುವ ಗಾಳಿ ಮೂಳೆ ಕೊರೆಯುತ್ತಿತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಸೆರಗು ಬಿಗಿದು ಎದ್ದರು.

ಮಂಗಳಮ್ಮ ಸತ್ತದ್ದು ಧನಿಷ್ಠಾ ನಕ್ಷತ್ರದಲ್ಲಿ. ಅಂಥ ಸಾವಾದರೆ ಮನೆಯವರು ಆರು ತಿಂಗಳು ಮನೆ ಬಿಡಬೇಕು. ಬಿಡದಿದ್ದರೆ ಹೋದವರು ಇನ್ನೊಬ್ಬರನ್ನು ಕರೆಯುತ್ತಾರೆ ಎಂಬುದು ನಂಬಿಕೆ. ಇದೆಲ್ಲ ನಮಗಿಲ್ಲ ಎಂದು ಮಠದಲ್ಲಿ ಹೇಳಿದರೂ ಪುಟ್ಟಬಸಮ್ಮ ಕೇಳಲಿಲ್ಲ. ಗಂಡ ಶಿವಮಲ್ಲಪ್ಪನನ್ನೂ ಸಂಸಾರವನ್ನೂ ಹೊರಡಿಸಿಕೊಂಡು ನರಸೀಪುರದಿಂದ ನಂಜನಗೂಡಿಗೆ ಹೋಗಿ, ತಮ್ಮದೇ ಬೆಲ್ಲದ ಮಂಡಿಯ ಹಿಂದಿನ ಕೋಣೆಗಳಲ್ಲಿ ಇಕ್ಕಟ್ಟಾಗಿ ಕೂತಳು. ಬೀಗ ಹಾಕಿಟ್ಟರೆ ಗೆದ್ದಲು ಹಿಡಿಯುತ್ತದೆಂದು ಶಿವಮಲ್ಲಪ್ಪ ಮನೆಯನ್ನು ಬಾಡಿಗೆಗೆ ಕೊಟ್ಟ. ಷರತ್ತು ಒಂದೇ. ಆರು ತಿಂಗಳು ತುಂಬಿದ ಕೂಡಲೇ ಖಾಲಿ ಮಾಡಬೇಕು.

ಪ್ರೇಮ್‌ಕುಮಾರ್ ಒಪ್ಪಿದ್ದ. ಬೇರೆ ದಾರಿ ಇರಲಿಲ್ಲ. ಅವನು ಮನೆ ಕೇಳಲು ಹೋದಲ್ಲೆಲ್ಲ ಯಾವೂರು ಎನ್ನುತ್ತಿದ್ದರು. ಹೆಮ್ಮರಗಾಲ ಎಂದರೆ, ಹೆಮ್ಮರಗಾಲದಲ್ಲಿ ಯಾವ ಬೀದಿ ಎನ್ನುತ್ತಿದ್ದರು. ಬೀದಿ ಯಾವುದೆಂದು ತಿಳಿದ ಮೇಲೆ ಆ ಮನೆ ಬೇರೆ ಯಾರಿಗೋ ಮಾತಾಗಿರುತ್ತಿತ್ತು. ಬೀದಿ ಕೇಳದವನು ಶಿವಮಲ್ಲಪ್ಪ ಒಬ್ಬನೇ. ಸಾವಿನ ಮನೆಗೆ ಬೇರೆ ಯಾರೂ ಬಂದಿರಲಿಲ್ಲ.

ಪ್ರೇಮ್‌ಕುಮಾರನ ಹೆಂಡತಿ ರೋಜಾ ಹೆರಿಗೆಗೆಂದು ಕವಲಂದೆಯ ತವರಿಗೆ ಹೋಗಿದ್ದಳು. ಹೆಣ್ಣುಮಗು ಹುಟ್ಟಿತ್ತು. ಬಾಣಂತನ ಮುಗಿಯುವುದರೊಳಗೆ ಒಂದು ಸೂರು ಬೇಕಾಗಿತ್ತು. ಈ ಮನೆ ಕೈತಪ್ಪಿದರೆ ಮಗು ಅಲ್ಲಿ, ಅಪ್ಪ ಇಲ್ಲಿ.

ಅವನು ಪಿಎಚ್.ಡಿ.ಗೆ ಓದುತ್ತಿದ್ದುದೂ ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ದೆವ್ವದ ಕಥೆಗಳನ್ನೇ. ಪಾಳು ಬಂಗಲೆ, ಯಾರೂ ತೆರೆಯದ ಕೋಣೆ, ಸತ್ತ ಮೇಲೂ ಮನೆ ಬಿಡದ ಯಜಮಾನಿ. ದೆವ್ವ ದೆವ್ವ ಎಂದು ಕಿರುಚುವ ಪಾತ್ರವನ್ನು ಓದುಗ ನಂಬುವುದಿಲ್ಲ. ಏನೂ ಇಲ್ಲ ಎನ್ನುತ್ತಲೇ ಬಾಗಿಲ ಕಡೆ ತಿರುಗಿ ನೋಡುವ ಡಾಕ್ಟರನನ್ನೋ ವಕೀಲನನ್ನೋ ನಂಬುತ್ತಾನೆ. ಇದು ಅವನ ಮೂರನೆಯ ಅಧ್ಯಾಯದ ವಾದ. ಅದನ್ನು ಒಪ್ಪಿಸಲು ಮೈಸೂರಿಗೆ ಹೋದಾಗ ಗೈಡ್ ಅವನ ಕೆಂಪು ಕಣ್ಣುಗಳನ್ನು ನೋಡಿ, “ಇಂಥದ್ದನ್ನೆಲ್ಲ ಒಬ್ಬನೇ ಕೂತು ಓದಬೇಡಯ್ಯ,” ಎಂದರು.

ಸಣ್ಣತಾಯಮ್ಮನೂ ಬಿಡಲಿಲ್ಲ. ಅವನು ಬಂದ ಹೊಸದರಲ್ಲೇ ಮಂಗಳಮ್ಮನ ಬೊಚ್ಚುಬಾಯಿ, ಬೈಗುಳ, ಕುಟ್ಟಾಣಿ ಎಲ್ಲವನ್ನೂ ವರ್ಣಿಸಿದ್ದವಳು ಅವಳೇ. ಈಗ ದನಿ ತಗ್ಗಿಸಿ ಹೇಳಿದಳು. “ನಿಮ್ಮನ್ನ ಯಾಕ್ ಮಡಗವ್ರೆ ಗೊತ್ತಾ ಮೇಷ್ಟ್ರೇ? ಮುದುಕಿ ಒಬ್ರನ್ನ ಕರ್ಕೊಂಡೋಗೋದೇ ಆದ್ರೆ ವರಗಿನೋರು ಓಗ್ಲಿ ಅಂತ. ಬುಟ್ಬುಟ್ಟು ಓಗಿ.”

ಅವಳ ಮಾತು ಪೂರ್ತಿ ಸುಳ್ಳಲ್ಲ. ಬಾಡಿಗೆಗೆಂದು ಬಂದಾಗಲೆಲ್ಲ ಶಿವಮಲ್ಲಪ್ಪ ಮೊದಲು ನೋಡುತ್ತಿದ್ದುದು ಪ್ರೇಮ್‌ಕುಮಾರನ ಮುಖವನ್ನು.

ಆರನೆಯ ತಿಂಗಳು ಮುಗಿಯುವ ಭಾನುವಾರ ಬೆಳಿಗ್ಗೆ ಪುಟ್ಟಬಸಮ್ಮ ಹೊಸ ಪೊರಕೆ, ಸಾರಿಸುವ ಬಟ್ಟೆ ಹಿಡಿದು ಬಂದಳು. ಜೊತೆಗೆ ಗಂಡ, ಸೆರಗು ಹಿಡಿದ ಮೊಮ್ಮಗಳು ಗಾನವಿ. ಹೊಸಿಲ ಹತ್ತಿರ ಬಂದು ಪುಟ್ಟಬಸಮ್ಮ ನಿಂತುಬಿಟ್ಟಳು.

“ಮೇಷ್ಟ್ರೇ, ನೀವು ಓದ್ದೋರು. ಬೀದಿಯೋರು ಏನೇನೋ ಅಂತಾರೆ. ಈ ಮಗೀನ ತಲೆ ಮುಟ್ಟಿ ಹೇಳಿ, ಇಲ್ಲಿ ಏನಾದ್ರೂ ಅದಾ?”

ಪ್ರೇಮ್‌ಕುಮಾರ್ ಗಾನವಿಯ ತಲೆಯ ಮೇಲೆ ಕೈಯಿಟ್ಟ. ಇಟ್ಟ ಕೂಡಲೇ ತೆಗೆದ. ಪುಟ್ಟಬಸಮ್ಮ ಅದನ್ನು ನೋಡಿದಳು.

“ದೆವ್ವಗಿವ್ವ ಏನೂ ಇಲ್ಲ ಕಣಮ್ಮ. ಧೈರ್ಯವಾಗಿ ಬನ್ನಿ. ಮಗೂನ ಮಾತ್ರ ಅಟ್ಟದ ಕೋಣೇಲಿ ಮಲಗಿಸ್ಬೇಡಿ.”

“ಯಾಕೆ?”

ಅವನು ಒಮ್ಮೆ ಅಟ್ಟದ ಕಡೆ ನೋಡಿದ. “ಇಲಿ.”

“ಇಲಿಗೆ ಎದ್ರುಕೊಂಡು ಮನೆ ಬುಡಾಕಾಯ್ತದಾ? ನಡಿ ವಳಕ್ಕೆ,” ಎಂದ ಶಿವಮಲ್ಲಪ್ಪ.

“ಇಲಿ ಎಲೆಅಡಿಕೆ ಕುಟ್ತದಾ?” ಪುಟ್ಟಬಸಮ್ಮ ಗಂಡನ ಮೇಲೆ ಹರಿಹಾಯ್ದಳು. “ನಿಮ್ಮವ್ವ ಇನ್ನೂ ಓಗಿಲ್ಲ. ಇರೋ ಒಂದು ಕೂಸ್ನೂ ಅವಳ್ ಬಾಯಿಗೆ ಆಕ್ಲಾ?”

ಮಗುವನ್ನು ಎತ್ತಿಕೊಂಡು ಬೀದಿಗಿಳಿದವಳು ತಿರುಗಿ ನೋಡಲಿಲ್ಲ. ಪೊರಕೆ ಹೊಸಿಲಲ್ಲೇ ಬಿದ್ದಿತ್ತು. ಶಿವಮಲ್ಲಪ್ಪ ಸ್ವಲ್ಪ ಹೊತ್ತು ಗೋಡೆ ಸವರುತ್ತ ನಿಂತ. ಅಪ್ಪ ಕಟ್ಟಿಸಿದ ಮನೆ.

“ನೀವೇ ಇದ್ಬುಡಿ ಮೇಷ್ಟ್ರೇ,” ಎಂದ ಕೊನೆಗೆ. “ಎಷ್ಟು ವರ್ಸ ಆದ್ರೂ ಸರಿ. ನಮ್ಮವ್ವಂಗೆ ನೀವು ಒಗ್ಗೋಗಿದ್ದೀರಿ.”

ಪ್ರೇಮ್‌ಕುಮಾರ್ ಹೊಸಿಲಲ್ಲಿದ್ದ ಪೊರಕೆ ಎತ್ತಿ ಗೋಡೆಗೆ ಒರಗಿಸಿದ.

ಮರುದಿನ ಕಾಲೇಜಿಗೆ ಹೋಗುವ ಮುಂಚೆ ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಹೋಗಿ, ಗಾಜಿನ ಬಾಗಿಲು ಮುಚ್ಚಿಕೊಂಡು ಕವಲಂದೆಗೆ ಫೋನು ಮಾಡಿದ. “ಮನೆ ನಮಗೇ ಆಯ್ತು ಕಣೆ. ಮಗೂನ ಕರ್ಕೊಂಡು ಬಾ.”

ಆ ಕಡೆ ರೋಜಾ ಅತ್ತಳೋ ನಕ್ಕಳೋ ತಿಳಿಯಲಿಲ್ಲ. “ಅಂಗಾದ್ರೆ ಇನ್ಮೇಲೆ ಕುಟ್ಟೋದು ನಿಲ್ಸ್ತೀರಾ?” ಎಂದಳು.

“ಎಲ್ಲಿ ನಿಲ್ಸೋದು? ಮಗು ಮಲಗಿದಾಗ ನೀನೂ ಒಂದೆರಡೇಟು ಹಾಕ್ಬೇಕಾಗುತ್ತೆ.”