ತೆಗಿ

"ಕರೆಂಟ್ ತೆಗಿಯಮ್ಮಾ, ನಿನ್ ಗಂಡ ಒರೆಸ್ಲಿ" ಎಂದು ಬೆಂಗಳೂರಿನ ಸುಂಕದಕಟ್ಟೆಯ ಶೆಡ್ಡಿನ ಮಾಲೀಕ ಸುಘೋಷ್ ಹೇಳಿದ್ದೇ ತಡ, ಅಲ್ಲಿ ಕೆಲಸಕ್ಕಿದ್ದ ಪಾರವ್ವ ಆರಿದ್ದ ಸ್ವಿಚ್ಚನ್ನು ಒತ್ತಿಬಿಟ್ಟಳು. ಗದಗದ ಕಡೆಯವಳಿಗೆ ನಳ ತೆಗಿ ಎಂದರೆ ನೀರು ಬಿಡು ಎಂದರ್ಥ. ಕರೆಂಟಿಗೂ ಹಾಗೆಯೇ ಅಂದುಕೊಂಡಳು. ಸ್ವಿಚ್ಚು ಆಗಲೇ ಆರಿದ್ದುದನ್ನು ನೋಡದ ಸುಘೋಷ್ ಹೇಳಿದ್ದು ಆರಿಸು ಎಂದು.

ಮೇಜಿನ ಮೇಲೆ ಪರೀಕ್ಷೆಗಿಟ್ಟ, ಕರೆಂಟಿನ ತಂತಿ ಜೋಡಿಸಿದ ಪ್ಲಾಸ್ಟಿಕ್ ಹಾಳೆಯಲ್ಲಿ ನೀರಿನ ಹನಿಯೊಂದು ಮುತ್ತಿನಂತೆ ಗುಂಡಗೆ ಕೂತಿತ್ತು. ಕರೆಂಟ್ ಇಲ್ಲದಾಗ ಆ ಹಾಳೆ ನೀರನ್ನು ಮುಟ್ಟಿಸಿಕೊಳ್ಳುವುದಿಲ್ಲ. ಕರೆಂಟ್ ಬಂದರೆ ಹನಿ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಅವಳ ಕಣ್ಣೆದುರೇ ಹನಿ ಸತ್ತಂತೆ ಮಲಗಿತು. ಒದ್ದೆ ಬಟ್ಟೆ ಹಿಡಿದ ಗಂಡ ಕೊಟ್ರಪ್ಪನ ಬರಿಗೈ ಅದರತ್ತ ಇಳಿಯುತ್ತಿತ್ತು.

"ಅಯ್ಯೋ, ಕೈ ತೆಗೀರಿ!" ಪಾರವ್ವ ಚೀರಿದಳು.

ಗಂಡನ ಕೈ ಹಾಳೆಗೆ ಬೆರಳಷ್ಟು ದೂರದಲ್ಲಿ ನಿಂತಿತು. ಪಾರವ್ವ ಸ್ವಿಚ್ಚಿನತ್ತ ಕೈ ಚಾಚಿದಳು. ಸುಘೋಷ್ ನಕ್ಕ. "ಏನಮ್ಮಾ, ಪ್ರಾಣಾನೇ ಹೋದಂಗೆ ಆಡ್ತೀಯ! ಚುರ್ ಅನ್ನತ್ತೆ, ಅಷ್ಟೇ. ಇದಕ್ಕೆ ನಿಮಗೆ ಗ್ಲೌಸ್ ಬೇರೆ ಬೇಕಾ?"

ಪಾರವ್ವ ಸ್ವಿಚ್ಚು ಆರಿಸದೆ ಗಂಡನ ಕೈಯಿಂದ ಒದ್ದೆ ಬಟ್ಟೆಯನ್ನು ಕಿತ್ತು ಮಾಲೀಕನ ಮುಂದೆ ಹಿಡಿದಳು. "ಹಂಗಾರ ನೀವ ಒರಸ್ರಿ ಸರ."

ಸುಘೋಷ್ ನಗುತ್ತಲೇ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.