ಗಾಜಿನ ಹಿಂದಿನ ಧೋಂಡಪ್ಪ

ಶಿವಾಜಿ ಗಾಜಿನ ಬಾಗಿಲನ್ನು ಮೊಣಕೈಯಿಂದ ತಳ್ಳಿದ. ಆ ಹೊಳೆಯುವ ಹಿಡಿಕೆಯನ್ನು ಮುಟ್ಟಲೂ ಅವನಿಗೆ ಹೇಸಿಗೆ.

ಅವನು ಮಾಡಿದ ಪೆನ್ನುಗಳು ಈ ಬಾಗಿಲಿನಿಂದ ಒಳಗೆ ಬಂದದ್ದೇ ಇಲ್ಲ. ಅವಕ್ಕೆ ಹಿಂಬಾಗಿಲು. ಅಲ್ಲಿ ಟೈ ಕಟ್ಟಿಕೊಂಡ ಮ್ಯಾನೇಜರ ಪಾರ್ಶ್ವನಾಥ ಚೀಲ ಇಸಿದುಕೊಂಡು ಕದ ಹಾಕಿಕೊಳ್ಳುತ್ತಿದ್ದ. ಮಾಲಕ ಪಾಯಪ್ಪ ಸೇಠರ ಮುಖವನ್ನು ಶಿವಾಜಿ ಇವತ್ತಿನವರೆಗೂ ಕಂಡಿರಲಿಲ್ಲ.

ಮುಂಭಾಗದಲ್ಲಿ, ಸಾಂಗಲಿಯ ಈ ಹೊಸ ಕರಕುಶಲ ಶೋರೂಮಿನ ಗಾಜಿನೊಳಗೆ, ಆ ಪೆನ್ನುಗಳಿಗೆ ಬೇರೆಯೇ ಅಪ್ಪನಿದ್ದ, ಒಬ್ಬ ಮುದುಕ. ಕೆಂಪು ಮುಂಡಾಸು, ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಉಳಿ. ತಲೆಯ ಮೇಲೊಂದು ಫಲಕ: ‘ಕುರುಬರ ಧೋಂಡಪ್ಪ. ಏಳು ತಲೆಮಾರಿನ ಕೈಚಳಕ.’ ಏಳು ತಲೆಮಾರಿನ ಹಿಂದೆ ಕುರಿಗಳು ಫೌಂಟನ್ ಪೆನ್ನಿನಲ್ಲಿ ಬರೆಯುತ್ತಿದ್ದವೋ ಏನೋ! ಪುಣೆ, ಮುಂಬೈಗಳಿಂದ ಕಾರಿನಲ್ಲಿ ಬಂದವರು ಮುದುಕನ ಫೋಟೋ ಹೊಡೆದುಕೊಳ್ಳುತ್ತಿದ್ದರು, ಬೋನಿನ ಹುಲಿಯ ಫೋಟೋ ತೆಗೆದ ಹಾಗೆ. ಹುಲಿಯ ಹಲ್ಲಾದರೂ ನಿಜ.

ಪೆನ್ನುಗಳು ಹುಟ್ಟುತ್ತಿದ್ದದ್ದು ಮಾಧವನಗರದ ತಗಡಿನ ಶೆಡ್ಡಿನಲ್ಲಿ. ಎಬೊನೈಟ್ ಎಂಬ ಗಟ್ಟಿ ರಬ್ಬರಿನ ಕರಿ ಕೋಲನ್ನು ಲೇಥಿಗೆ ಕಟ್ಟಿ ಕಡೆಯುವುದನ್ನು ಶಿವಾಜಿಗೆ ಕಲಿಸಿದವನು ವೃಷಭ ಮೇಸ್ತ್ರಿ. ಹೊತ್ತು ಮುಳುಗುವ ಮುಂಚೆಯೇ ಉಣ್ಣುವ ಜೈನ. ತನ್ನ ರೊಟ್ಟಿಯಲ್ಲಿ ಅರ್ಧ ಶಿವಾಜಿಗೆ ಮುರಿದುಕೊಟ್ಟೇ ಉಳಿದದ್ದು ತಿನ್ನುತ್ತಿದ್ದ. “ಮಾಡಿದಾವನ ಹೆಸರ ಮಾಲಿನ ಮ್ಯಾಲ ಇರಬೇಕೋ,” ಎನ್ನುತ್ತಿದ್ದ. ಮೇಸ್ತ್ರಿ ಸತ್ತ. ಆ ಮಾತು ಶಿವಾಜಿಯ ಹೊಟ್ಟೆಯಲ್ಲಿ ಕೆಂಡವಾಗಿ ಉಳಿಯಿತು.

ಪಾರ್ಶ್ವನಾಥ ಆಚೆ ಮೂಲೆಯಲ್ಲಿ ಗಿರಾಕಿಗಳಿಗೆ ಬೆಳ್ಳಿ ಬಳೆ ತೋರಿಸುತ್ತಿದ್ದ. ಶಿವಾಜಿ ನೇರ ಮುದುಕನ ಮುಂದೆ ಹೋಗಿ ನಿಂತ. ತಾನೇ ಬೇಡಗ ಹಳ್ಳಿಯ ಕುರುಬರ ಮನೆಯವನು. ಕಂಬಳಿಯ ವಾಸನೆ ಬಲ್ಲ. ಈ ಕಂಬಳಿಗೆ ನುಸಿಗುಳಿಗೆಯ ವಾಸನೆಯಿತ್ತು.

“ಯಾ ನಾಟಕ ಕಂಪನಿಯಿಂದ ಹಿಡಕೊಂಡ ಬಂದಾರ ಕಾಕಾ ನಿಮ್ಮನ್ನ?”

ಮುದುಕ ನಕ್ಕ. “ಯಾಕೋ ತಮ್ಮಾ, ವೇಷ ಒಪ್ಪಂಗಿಲ್ಲೇನು?”

“ಉಳಿ ತಿರುಗಾ ಮುರುಗಾ ಹಿಡದೀರಿ.”

ಮುದುಕ ಕೂಡಲೇ ಹೊರಳಿಸಿ ಹಿಡಿದ. “ಹಿಂಗೋ?”

ಬೈಯಲೆಂದೇ ಬಂದಿದ್ದ ಶಿವಾಜಿ ಮೆತ್ತಗಾದ. ಪಾಪದ ಮುದುಕ. ಕಿವಿಯ ಮೇಲ್ಭಾಗದಲ್ಲಿ ಬಾಳಿಯುಂಗುರದ ತೂತು ಖಾಲಿಯಿತ್ತು.

“ಬಾಳೀನೂ ಕಸಗೊಂಡಾರೇನ್ರಿ ಕಳ್ಳರು?”

“ಇಲ್ಲಿ ಕುಂದ್ರುವಾಗ ತಗದಿಡಬೇಕಪಾ. ಕುರಿ ಕಾಯಾವನ ಕಿವ್ಯಾಗ ಮುತ್ತು ಹೊಂದಂಗಿಲ್ಲ.”

ಶಿವಾಜಿ ಹಲ್ಲು ಕಡಿದ. ಪೊಟ್ಟಣದಲ್ಲಿದ್ದ ಬಟಾಟೆ ವಡೆ ಮುಂದಿಟ್ಟ. ಮುದುಕ ಮುಟ್ಟಲಿಲ್ಲ. “ಬ್ಯಾಡೋ, ನನಗ ಡಬ್ಬಿ ಬರತೈತಿ. ನೀ ಬಂದ ಕೆಲಸ ಹೇಳು.”

ಶಿವಾಜಿ ಬಗ್ಗಿ ದನಿ ಇಳಿಸಿದ. “ಈ ಪೆನ್ನು ಮಾಡಾವ ನಾನು. ನಾಳೆ ಮುಂಬೈದಿಂದ ಋತುಜಾ ಮೇಡಂ ಬರತಾರ. ಪೆನ್ನು ಕೂಡಿಸಿಡೋದೇ ಅವರ ಹುಚ್ಚು. ಮಾಡಿದಾವನ ಹೆಸರ ಬರದು ಪ್ರದರ್ಶನಕ್ಕ ಇಡತಾರಂತ. ಅಲ್ಲೆ ಈ ಸುಳ್ಳ ಧೋಂಡಪ್ಪ ಅಲ್ಲ, ನನ್ನ ಹೆಸರ ಇರಬೇಕು.”

“ಅವರಿಗೆ ಹೆಂಗ ಗೊತ್ತಾಗಬೇಕು?”

“ದಸರಾ ಆದಮ್ಯಾಲ ಮಾಡಿದ್ದರಾಗೆಲ್ಲ ಕೊರದೇನಿ. ಪೆನ್ನು ತಿರುವಿ ಬಿಚ್ಚಿದ್ರ ಆತು. ನಿಬ್ಬಿನ ಕತ್ತಿನ ಬುಡದಾಗ: ಶಿವಾಜಿ, ಬೇಡಗ.”

ಮುದುಕ ಉಳಿ ಕೆಳಗಿಟ್ಟ. “ಎಲ್ಲಾದರಾಗೂ?”

“ಎಲ್ಲಾದರಾಗೂ.”

“ಮತ್ತ ಯಾರಿಗರ ಹೇಳೀಯೇನು?”

“ಯಾರಿಗೂ ಇಲ್ಲ. ನೀವೂ ನನ್ನಂಗ ಸಿಕ್ಕೊಂಡಾವರು ಅಂತ ನಿಮಗಷ್ಟ ಹೇಳೇನಿ. ನಾಳೆ ಮೇಡಂ ಮುಂದ, ನಾ ಮಾಡಿಲ್ಲ ಅಂತ ನಿಮ್ಮ ಬಾಯಿಲೇ ಒಂದ ಮಾತು ಅಂದುಬಿಡ್ರಿ. ಹೆದರಿ ಓಡಿ ಹೋಗಬ್ಯಾಡ್ರಿ ಮತ್ತ.”

“ನಾ ಎಲ್ಲಿಗೂ ಹೋಗಂಗಿಲ್ಲೋ ತಮ್ಮಾ. ಈ ಅಂಗಡಿ ಬಿಟ್ಟು ನನಗ ಎಲ್ಲಿ ಜಾಗ ಐತಿ?”

ಪಾರ್ಶ್ವನಾಥ ಇತ್ತ ತಿರುಗಿದ. ಶಿವಾಜಿ ಸರಕ್ಕನೆ ಹೊರಬಂದು ಫುಟ್‌ಪಾತಿನಿಂದ ನೋಡಿದ. ಬಿಸಿಲು ಇನ್ನೂ ಗಾಜಿನ ಮೇಲಿತ್ತು. ಆಗಲೇ ಡಬ್ಬಿ ಬಂತು. ಮುದುಕ ಉಂಡು ಮುಗಿಸುವವರೆಗೂ ಪಾರ್ಶ್ವನಾಥ ನೀರಿನ ತಂಬಿಗೆ ಹಿಡಿದು ಪಕ್ಕದಲ್ಲೇ ನಿಂತಿದ್ದ. ಸಂಜೆಯ ಗಿರಾಕಿ ಬರುವ ಮೊದಲೇ ಮೇಯಿಸಿ ಮತ್ತೆ ಕಟ್ಟಿಹಾಕುತ್ತಾರೆ. ತುತ್ತಿಗೂ ಕಾವಲು! ಶಿವಾಜಿ ಗಟಾರಕ್ಕೆ ಉಗಿದು ನಡೆದ.

ಮರುದಿನ ಅವನು ಬರುವ ಹೊತ್ತಿಗೆ ಮೇಡಂ ಕುರ್ಚಿಯಲ್ಲಿದ್ದರು. ಎದುರಿಗೆ ಮಖಮಲ್ಲಿನ ಪೆಟ್ಟಿಗೆಯಲ್ಲಿ ಅವನ ಪೆನ್ನುಗಳು. ಗಾಜಿನ ಹಿಂದಿನ ಜಾಗ ಮಾತ್ರ ಖಾಲಿ.

“ಧೋಂಡಪ್ಪ ಹಳ್ಳಿಗೆ ಹೋಗಿದ್ದಾರೆ, ಕುರಿ ನೋಡಲಿಕ್ಕೆ,” ಎಂದು ಪಾರ್ಶ್ವನಾಥ ಮರಾಠಿಯಲ್ಲಿ ಮೇಡಂಗೆ ಹೇಳುತ್ತಿದ್ದ.

“ಸುಳ್ಳು!” ಶಿವಾಜಿಯೂ ಮರಾಠಿಯಲ್ಲೇ ಕೂಗಿದ. “ಇವನ್ನೆಲ್ಲ ಮಾಡಿದವನು ನಾನು. ಒಳಗೆ ನನ್ನ ಹೆಸರಿದೆ, ನೋಡಿ!”

ಮೇಡಂ ಕುತೂಹಲದಿಂದ ಕನ್ನಡಕ ಏರಿಸಿದರು. ಅವನು ಒಂದು ಪೆನ್ನು ತಿರುವಿ ಬಿಚ್ಚಿದ. ಕತ್ತಿನ ಬುಡ ನುಣ್ಣಗಿತ್ತು. ಇನ್ನೊಂದನ್ನು ಬಿಚ್ಚಿದ. ಅದೂ ನುಣ್ಣಗೆ. ಮತ್ತೊಂದು. ಯಾರೋ ಕೆರೆದು, ಉಜ್ಜಿ, ಹೊಳಪು ಕೊಟ್ಟಿದ್ದರು.

ಮೇಡಂ ಕನ್ನಡಕ ಕೆಳಗಿಟ್ಟರು. ಮರುಕದಿಂದ ನಕ್ಕರು, ಹುಚ್ಚನನ್ನು ನೋಡಿದ ಹಾಗೆ.

ಶಿವಾಜಿಗೆ ತನ್ನ ಹೆಸರಿಗಿಂತ ಮೊದಲು ಮುದುಕ ನೆನಪಾದ. ಪಾರ್ಶ್ವನಾಥನ ಟೈಗೆ ಕೈ ಹಾಕಿದ. “ಹೊಡದ ಬಡದ ಬಾಯಿ ಬಿಡಿಸೀರಿ ಹೌದಲ್ಲೋ? ಎಲ್ಲಿ ಅಟ್ಟೀರಿ ಆ ಬಡಪಾಯಿನ್ನ? ನಿನ್ನ ಸೇಠನ್ನ ಕರಿ! ಅವನ್ನೇ ಕೇಳತೇನಿ!”

“ಕೈ ಬಿಡು,” ಎಂದ ಪಾರ್ಶ್ವನಾಥ, ಒಂದಿಷ್ಟೂ ಗಾಬರಿಯಿಲ್ಲದೆ. “ಬಂದ್ರು ನೋಡು.”

ಒಳಕೋಣೆಯ ಪರದೆ ಸರಿಯಿತು. ಇಸ್ತ್ರಿ ಮಾಡಿದ ಬಿಳಿ ಧೋತರ, ರೇಷ್ಮೆಯ ಅಂಗಿ. ಮೇಡಂ ಎದ್ದು ಕೈಮುಗಿದರು.

“ನಾ ಅಂದಿದ್ನಲ್ಲೋ ತಮ್ಮಾ, ಎಲ್ಲಿಗೂ ಹೋಗಂಗಿಲ್ಲಂತ,” ಎಂದರು ಪಾಯಪ್ಪ ಸೇಠರು. ಅವರ ಕಿವಿಯ ತೂತಿನಲ್ಲಿ ಈಗ ಮುತ್ತಿನ ಬಾಳಿ ತೂಗುತ್ತಿತ್ತು.